ಮರಳೂರಿನ ಪರದೇಸಿ: ಬೆಸ್ಸಿ ಹೆಡ್ ಬರವಣಿಗೆ ಕುರಿತು

ಪರದೇಸಿ ಅನ್ನುವ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಎರಡು ಅರ್ಥ ಇವೆ. ಬೇರೆ ದೇಶದಿಂದ ಬಂದವನು ಅನ್ನೋದು ಒಂದು. ಹೆತ್ತವರಿಲ್ಲದ, ಹೊತ್ತಿಗೆ ಕೂಳಿಲ್ಲದ, ಯಾರೂ ಕೇಳೋರಿಲ್ಲದ ಮನುಷ್ಯ ಅನ್ನೋದು ಇನ್ನೊಂದು. ಕನ್ನಡದಲ್ಲಿ ಪರದೇಶದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮೊದಲನೇ ಅರ್ಥದ ಪರದೇಸಿಗಳು. ವಿಮಾನ ಹತ್ತುವಾಗಲೇ ಜೇಬಿನಲ್ಲಿ ವಾಪಸ್ ಟಿಕೆಟ್ ಇದ್ದವರು. ಹೋದ ಕಡೆ ಅಕ್ಕಿ ಸಿಗುತ್ತದೋ ಇಲ್ಲವೋ, ಮೊಸರು ಹೆಪ್ಪಾಗುತ್ತದೋ ಇಲ್ಲವೋ, ಚಳಿ ಎಷ್ಟು, ಕೆಲಸದವಳು ನಂಬಿಕಸ್ಥಳೋ ಅಲ್ಲವೋ - ಹೊಸ ನಾಡಿಗೆ ಒಗ್ಗಿಕೊಳ್ಳುವುದು ಅಂದರೆ ಇಷ್ಟೇ ಅನ್ನುವ ಹಾಗೆ ಬರೆದರು. ಇವೂ ದಿನನಿತ್ಯದ ಸಂಗತಿಗಳೇ, ಸುಳ್ಳಲ್ಲ. ಆದರೆ ಆ ಕೆಲಸದವಳು ರಾತ್ರಿ ಎಲ್ಲಿ ಮಲಗುತ್ತಾಳೆ, ಅವಳ ಮನೆಗೆ ನೀರು ಎಲ್ಲಿಂದ ಬರುತ್ತೆ, ಅವಳನ್ನು ಅವಳ ಊರಿನವರೇ ಏನಂತ ಕರೀತಾರೆ ಅಂತ ಕೇಳಿದವರು ಕಡಿಮೆ.

ಎರಡೂ ಅರ್ಥದಲ್ಲಿ ಪರದೇಸಿಯಾಗಿದ್ದ ಒಬ್ಬ ಹೆಂಗಸು ದಕ್ಷಿಣ ಆಫ್ರಿಕಾ ಬಿಟ್ಟು ಪಕ್ಕದ ಬೋಟ್ಸ್ವಾನಾಕ್ಕೆ ಬಂದು, ಅಲ್ಲಿಯ ಸೆರೋವೆ ಅನ್ನುವ ದೊಡ್ಡ ಹಳ್ಳಿಯಲ್ಲಿ ಬದುಕಿ, ಬರೆದು, ಅಲ್ಲೇ ಸತ್ತಳು. ಹೆಸರು ಬೆಸ್ಸಿ ಹೆಡ್. ಆಕೆಯ ಪುಸ್ತಕಗಳನ್ನು ನಮ್ಮ ವಿದ್ಯಾರ್ಥಿ ಗೆಳೆಯರು, ಹಳ್ಳಿ ಮೇಷ್ಟರುಗಳು ಯಾಕೆ ಓದಬೇಕು, ಓದುವಾಗ ಎಲ್ಲಿ ಜಗಳ ತೆಗೀಬೇಕು ಅನ್ನೋದನ್ನ ಹೇಳುವುದಕ್ಕೆ ಈ ಬರಹ.

1

ದಕ್ಷಿಣ ಆಫ್ರಿಕಾ ಅಂದಕೂಡಲೆ ನಮಗೆ ಶಾಲೆಯ ಪುಸ್ತಕದ ಒಂದು ಚಿತ್ರ ನೆನಪಾಗುತ್ತದೆ. 1893ರ ಜೂನ್ ತಿಂಗಳ ಚಳಿ, ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನು, ಮೊದಲ ದರ್ಜೆ ಡಬ್ಬಿಯಿಂದ ತಳ್ಳಿಸಿಕೊಂಡ ಬ್ಯಾರಿಸ್ಟರ್ ಗಾಂಧಿ. ಅದಕ್ಕೆ ಮೂವತ್ತಮೂರು ವರ್ಷ ಮೊದಲೇ, 1860ರ ನವೆಂಬರಿನಲ್ಲಿ, ಮದರಾಸಿನಿಂದ ಹೊರಟ 'ಟ್ರೂರೋ' ಹಡಗು ಕಬ್ಬಿನ ತೋಟಗಳಿಗೆ ಬೇಕಾದ ಕರಾರು ಕೂಲಿಗಳನ್ನು ಡರ್ಬನ್ನಿನಲ್ಲಿ ಇಳಿಸಿತ್ತು. 1911ರ ತನಕ ಹೀಗೆ ಹೋದವರು ಒಂದೂವರೆ ಲಕ್ಷಕ್ಕೂ ಮೇಲೆ. ಅವರಿಗೆ ಮೊದಲ ದರ್ಜೆಯೇ ಇರಲಿಲ್ಲ, ಹಾಗಾಗಿ ಅದರಿಂದ ತಳ್ಳಿಸಿಕೊಳ್ಳುವ ಭಾಗ್ಯವೂ ಇರಲಿಲ್ಲ. ಹೊಸ ನೆಲಕ್ಕೆ ತಾವು ಹೇಗೆ ಒಗ್ಗಿಕೊಂಡೆವು ಅಂತ ಬರೆದಿಡುವುದಕ್ಕೆ ಅವರಲ್ಲಿ ಹೆಚ್ಚಿನವರ ಕೈಲಿ ಅಕ್ಷರವೂ ಇರಲಿಲ್ಲ.

ಗಾಂಧಿಯವರ ಆತ್ಮಕಥೆಯಲ್ಲೇ ಇನ್ನೊಂದು ಪ್ರಸಂಗ ಇದೆ. ಅದನ್ನು ಮಕ್ಕಳಿಗೆ ಪಾಠ ಮಾಡುವವರು ಕಡಿಮೆ. 1898ರ ಸುಮಾರಿನ ಡರ್ಬನ್ ಮನೆ. ಕೋಣೆಗಳಿಂದ ನೀರು ಹೊರಗೆ ಹೋಗುವ ಮೋರಿ ಇಲ್ಲ, ರಾತ್ರಿ ಉಚ್ಚೆಯ ಪಾತ್ರೆಯನ್ನು ಬೆಳಿಗ್ಗೆ ಎತ್ತಿ ಚೆಲ್ಲಬೇಕು. ಮನೆಯಲ್ಲಿದ್ದ ಗುಮಾಸ್ತರಲ್ಲಿ ಒಬ್ಬ ಪಂಚಮ ತಂದೆತಾಯಿಗೆ ಹುಟ್ಟಿದ ಕ್ರಿಶ್ಚಿಯನ್ನು, ಹೊಸದಾಗಿ ಬಂದವನು. ಅವನ ಪಾತ್ರೆ ಎತ್ತುವಾಗ ಕಸ್ತೂರಬಾ ಅತ್ತರು. ನಗುನಗುತ್ತಾ ಎತ್ತಬೇಕು ಅಂತ ಗಾಂಧಿ ಕೂಗಾಡಿದರು, ಕೈ ಹಿಡಿದು ಗೇಟಿನ ತನಕ ಎಳೆದರು, ಆಮೇಲೆ ನಾಚಿದರು. ತಮ್ಮ ತಪ್ಪನ್ನು ತಾವೇ ಬರೆದುಕೊಂಡ ಅವರ ಪ್ರಾಮಾಣಿಕತೆಯನ್ನು ಅಲ್ಲಗಳೆಯುವ ಹಾಗಿಲ್ಲ. ನಮ್ಮ ಪ್ರಶ್ನೆ ಬೇರೆ. ಆ ಅಧ್ಯಾಯದಲ್ಲಿ ಗಂಡನ ಸಿಟ್ಟು ಇದೆ, ಹೆಂಡತಿಯ ಕಣ್ಣೀರು ಇದೆ. ಆ ಗುಮಾಸ್ತನಿಗೆ ಹೆಸರಿಲ್ಲ, ಮಾತಿಲ್ಲ. ತನ್ನ ಪಾತ್ರೆಯ ದೆಸೆಯಿಂದ ಒಂದು ಸಂಸಾರ ಬೀದಿಗೆ ಬೀಳುವ ಹಾಗಾದಾಗ ಅವನು ಎಲ್ಲಿದ್ದ? ಕೇಳಿಸಿಕೊಂಡನೋ ಇಲ್ಲವೋ? ಆ ರಾತ್ರಿ ಆ ಪಾತ್ರೆಯನ್ನು ಮತ್ತೆ ಮುಟ್ಟಿದನೋ ಇಲ್ಲವೋ? ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಶಾಸ್ತ್ರ ಹೇಳಿತ್ತು. ಜಾತಿ ಕೆಡಲಿಲ್ಲ, ಹಡಗು ಹತ್ತಿ ಜೊತೆಗೇ ಬಂತು. ಅದು ಬಂದದ್ದನ್ನು ಕಾಣಬೇಕಾದರೆ ಆ ಗುಮಾಸ್ತನ ಕೋಣೆಯಿಂದ ಮನೆಯನ್ನು ನೋಡಬೇಕು.

ಬೆಸ್ಸಿ ಹೆಡ್ ನೋಡಿದ್ದು ಅಂಥ ಕೋಣೆಯಿಂದ. ಆಕೆ ಹುಟ್ಟಿದ್ದೂ ಅದೇ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ, 1937ರ ಜುಲೈ 6ರಂದು, ಅಲ್ಲಿಯ ಹುಚ್ಚಾಸ್ಪತ್ರೆಯೊಳಗೆ. ತಾಯಿ ಬಿಳಿಯಳು, ಆ ಆಸ್ಪತ್ರೆಯ ರೋಗಿ. ತಂದೆ ಕರಿಯ, ಯಾರೆಂದು ಯಾವ ದಾಖಲೆಯಲ್ಲೂ ಇಲ್ಲ. ಬಿಳಿಯರಿಗೂ ಕರಿಯರಿಗೂ ಮದುವೆಯ ಹೊರಗೆ ಕೂಡಿಕೆ ಆಗಬಾರದು ಅಂತ 1927ರಲ್ಲೇ ಕಾನೂನು ಮಾಡಿದ್ದ ದೇಶ ಅದು. ಮಗುವಿನ ಹುಟ್ಟೇ ಅಲ್ಲಿ ಅಪರಾಧದ ಸಾಕ್ಷಿ. ಸಾಕುಮನೆಯೊಂದರಲ್ಲಿ ಬೆಳೆದಳು. ತಾಯಿ ಅಂದುಕೊಂಡಿದ್ದವಳು ತಾಯಿಯಲ್ಲ, ಹೆತ್ತವಳು ಹುಚ್ಚಾಸ್ಪತ್ರೆಯ ಬಿಳಿ ಹೆಂಗಸು ಅನ್ನೋದು ಹರೆಯಕ್ಕೆ ಬಂದಮೇಲೆ ಮಿಷನ್ ವಸತಿಶಾಲೆಯಲ್ಲಿ ಗೊತ್ತಾಯಿತು. ಮೇಷ್ಟ್ರ ಕೆಲಸ ಮಾಡಿದಳು, ಪತ್ರಿಕೆಗಳಲ್ಲಿ ದುಡಿದಳು, ಮದುವೆಯಾಗಿ ಗಂಡುಮಗುವಿನ ತಾಯಾದಳು, ಮದುವೆ ಮುರಿಯಿತು.

1964ರಲ್ಲಿ ಆ ಮಗುವನ್ನು ಕಟ್ಟಿಕೊಂಡು ದೇಶ ಬಿಟ್ಟಳು. ಪಾಸ್‌ಪೋರ್ಟ್ ಕೊಡಲಿಲ್ಲ. ಕೊಟ್ಟದ್ದು ನಿರ್ಗಮನ ಪರವಾನಗಿ. ಅಂದರೆ ಹೋಗು, ಆದರೆ ತಿರುಗಿ ಬರಬೇಡ ಅನ್ನುವ ಚೀಟಿ. ಬೋಟ್ಸ್ವಾನಾ ಆಗ ಇನ್ನೂ ಬ್ರಿಟಿಷರ ಕೈಕೆಳಗಿನ ಬೆಚುವಾನಾಲ್ಯಾಂಡ್. ಸ್ವತಂತ್ರ ಆದದ್ದು 1966ರ ಸೆಪ್ಟೆಂಬರ್ 30ಕ್ಕೆ. ಸೆರೋವೆಯ ಶಾಲೆಯಲ್ಲಿ ಸಿಕ್ಕ ಮೇಷ್ಟ್ರ ಕೆಲಸ ಬಹಳ ದಿನ ಉಳಿಯಲಿಲ್ಲ. ನಿರಾಶ್ರಿತಳು ಅಂತ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕುತ್ತಾ ಬದುಕಿದಳು. ಆ ದೇಶದ ಪೌರತ್ವ ಸಿಕ್ಕಿದ್ದು 1979ರಲ್ಲಿ, ಹದಿನೈದು ವರ್ಷ ಆದಮೇಲೆ. ಅಷ್ಟರಲ್ಲಿ ಆ ಹಳ್ಳಿಯ ಮೇಲೆ ಮೂರು ಕಾದಂಬರಿ, ಒಂದು ಕಥಾಸಂಕಲನ ಬರೆದುಬಿಟ್ಟಿದ್ದಳು. ಪುಸ್ತಕ ಮಾರಿ ಬಂದ ದುಡ್ಡಿನಲ್ಲಿ ಕಟ್ಟಿಕೊಂಡ ಪುಟ್ಟ ಮನೆಗೆ ಮಳೆಮೋಡ ಅಂತಲೇ ಹೆಸರು. ಆಕೆ ತೀರಿಕೊಂಡದ್ದು 1986ರ ಏಪ್ರಿಲಿನಲ್ಲಿ, ನಲವತ್ತೆಂಟನೇ ವಯಸ್ಸಿನಲ್ಲಿ.

2

ಮೊದಲ ಕಾದಂಬರಿ 'ವೆನ್ ರೇನ್ ಕ್ಲೌಡ್ಸ್ ಗ್ಯಾದರ್' ಬಂದದ್ದು 1968ರಲ್ಲಿ. ಕಥೆ ಶುರುವಾಗೋದು ಗಡಿಯ ಮುಳ್ಳುತಂತಿಯ ಹತ್ತಿರ. ದಕ್ಷಿಣ ಆಫ್ರಿಕಾದ ಜೈಲು ಕಂಡುಬಂದ ಜುಲು ಹುಡುಗ ಗುಡಿಸಲಲ್ಲಿ ಅಡಗಿ ಕತ್ತಲಿಗೆ ಕಾಯ್ತಾನೆ, ಗಸ್ತು ಗಾಡಿಯ ಸದ್ದು ದೂರ ಆದಮೇಲೆ ಬೇಲಿ ಹಾರುತ್ತಾನೆ. ಅವನ ಹೆಸರು ಮಖಾಯಾ. ಆ ಭಾಷೆಯಲ್ಲಿ ಅದರ ಅರ್ಥ ಮನೆಯಲ್ಲೇ ಇರುವವನು. ಮನೆಬಿಟ್ಟು ಓಡುವವನಿಗೆ ಈ ಹೆಸರು! ಹೀಗೆ ಹೆಸರಿನಲ್ಲೇ ಒಂದು ಕುಹಕ ಇಟ್ಟು ಬರೆಯುವ ಕಲೆ ಬೆಸ್ಸಿಗೆ ಗೊತ್ತು.

ಬೇಲಿ ದಾಟಿದ ಮೇಲೆ ಸ್ವರ್ಗ ಸಿಕ್ಕಿತು ಅಂತ ಆಕೆ ಬರೆಯಲಿಲ್ಲ, ಇದು ಮುಖ್ಯ. ಗೊಲೆಮಾ ಮ್ಮಿಡಿ ಅನ್ನುವ ಹಳ್ಳಿಗೆ ಮಖಾಯಾ ಬಂದು ಸೇರುತ್ತಾನೆ. ಬೆಳೆ ಬೆಳೆಯುವುದು ಅನ್ನೋದೇ ಆ ಊರಿನ ಹೆಸರು. ಆದರೆ ಮಳೆ ಇಲ್ಲ. ಬೇಸಾಯ ಹೆಂಗಸರ ಪಾಲು; ಗಂಡಸರು ದನದ ಹಿಂದೆ ದೂರದ ದೊಡ್ಡಿಗಳಲ್ಲಿ. ಊರಿನ ಒಡೆಯ ಮಟೆಂಗೆ, ಕರಿಯನೇ, ತನ್ನ ಜನರ ಬೆನ್ನಿನ ಮೇಲೆ ಕೂತವನು. ಬಿಳಿಯನ ಆಳ್ವಿಕೆ ಹೋದರೆ ಕರಿಯನ ಕಷ್ಟ ತಾನಾಗಿ ಹೋಗುತ್ತೆ ಅನ್ನುವ ಭ್ರಮೆಯನ್ನು ಈ ಕಾದಂಬರಿ ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ ಒಡೆಯಿತು.

ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಾಕಿದ್ದು ಒಂದು ಧಾನ್ಯದ ಸಂಗತಿ. ಗಿಲ್ಬರ್ಟ್ ಅನ್ನುವ ಇಂಗ್ಲಿಷ್ ಬೇಸಾಯ ತಜ್ಞ ಲೆಕ್ಕ ಹಾಕ್ತಾನೆ: ಈ ಒಣ ನೆಲಕ್ಕೆ ಸಜ್ಜೆಯಂಥ ಕಿರುಧಾನ್ಯವೇ ಸರಿ, ಮಳೆ ಕೈಕೊಟ್ಟರೂ ಕೈಗೆ ನಾಲ್ಕು ಕಾಳು ಬರುತ್ತೆ. ಆದರೆ ಜನ ಬಿತ್ತೋಲ್ಲ. ಯಾಕೆ? ಆ ಧಾನ್ಯ ಬೆಳೆದು ತಿನ್ನುವವರು ಕೀಳು ಅಂತ ಎಣಿಸಿದ ಸಣ್ಣ ಬುಡಕಟ್ಟುಗಳವರು. ಅವರ ಕಾಳನ್ನು ನಾವು ತಿಂದರೆ ನಾವೂ ಅವರ ಹಾಗೇ ಆಗ್ತೀವಿ ಅನ್ನುವ ಹೆದರಿಕೆ. ಹಸಿದು ಸಾಯ್ತೀವಿ, ಜಾತಿ ಕೆಡಿಸಿಕೊಳ್ಳೋದಿಲ್ಲ!

ಗೆಳೆಯರೆ, ಇದನ್ನು ಅರ್ಥ ಮಾಡಿಸೋದಕ್ಕೆ ನಮಗೆ ಟಿಪ್ಪಣಿ ಬೇಕಾ? ಯಾರ ತಟ್ಟೆಯಲ್ಲಿ ಏನಿದೆ ಅನ್ನೋದರ ಮೇಲೆ ಮನುಷ್ಯನ ಬೆಲೆ ಕಟ್ಟುವ ನಾಡಿನವರು ನಾವು. ವಿದೇಶದ ಊಟದ ಬಗ್ಗೆ ಬರೆಯುವವರು ರುಚಿಯ ಬಗ್ಗೆ ಬರೀತಾರೆ. ಬೆಸ್ಸಿ ಹೆಡ್ ಬರೆದದ್ದು ಒಂದು ಕಾಳಿಗೆ ಯಾರು ಯಾಕೆ ಹೇಸುತ್ತಾರೆ ಅನ್ನೋದನ್ನ.

ಇದೇ ಕಾದಂಬರಿಯಲ್ಲಿ ಪೌಲಿನಾ ಅನ್ನುವ ಹೆಂಗಸಿನ ಸಣ್ಣ ಮಗ ದೂರದ ದೊಡ್ಡಿಯಲ್ಲಿ ದನ ಕಾಯುತ್ತಾ ಒಬ್ಬನೇ ಸಾಯ್ತಾನೆ. ಬರ ಬಂದು ದನಗಳು ಸಾಲುಸಾಲಾಗಿ ಬಿದ್ದ ಕಾಲ. ಮಗುವಿನ ಎದೆಯಲ್ಲಿ ಕ್ಷಯ. ಶಾಲೆಗೆ ಹೋಗಬೇಕಾದ ಹುಡುಗ ದನದ ಹಿಂದೆ ಯಾಕೆ ಹೋದ ಅನ್ನುವ ಪ್ರಶ್ನೆಯನ್ನು ಬೆಸ್ಸಿ ಭಾಷಣ ಮಾಡಿ ಕೇಳೋದಿಲ್ಲ. ಬೇರೆ ದಾರಿ ಇಲ್ಲದ ತಾಯಿಯ ದಿನಚರಿಯನ್ನು ಮುಂದೆ ಇಟ್ಟು ಸುಮ್ಮನಾಗುತ್ತಾಳೆ. ದನ ಕಾಯಲು ಹೋಗಿ ಶಾಲೆ ತಪ್ಪಿಸಿಕೊಂಡ ಹುಡುಗರ ಹಾಜರಿ ಕರೆದ ಮೇಷ್ಟರಿಗೆ ಆ ಪುಟಗಳು ಬೇಗ ತಿಳೀತಾವೆ.

ಜಗಳ ಎಲ್ಲಿ ಅಂದರೆ ಗಿಲ್ಬರ್ಟನ ಹತ್ತಿರ. ಊರಿನ ಜನಕ್ಕೆ ದಾರಿ ತೋರಿಸೋದಕ್ಕೆ ಒಬ್ಬ ಒಳ್ಳೆಯ ಬಿಳಿಯ ಬೇಕಾಗಿ ಬಂದನಲ್ಲ! ತಂಬಾಕಿನ ಸಹಕಾರಿ ಬೇಸಾಯದ ಯೋಜನೆ ಅವನ ತಲೆಯದು, ದುಡಿಮೆ ಹೆಂಗಸರದು. ಬೆಸ್ಸಿ ಅವನನ್ನು ಬಹಳ ಪ್ರೀತಿಯಿಂದ ಬರೆದಿದ್ದಾಳೆ. ಪ್ರೀತಿ ಸ್ವಲ್ಪ ಹೆಚ್ಚೇ ಆಯಿತು. ಆದರೂ ಕೊನೆಯಲ್ಲಿ ಒಡೆಯನ ಅಂಗಳಕ್ಕೆ ಹೋಗಿ ಸದ್ದಿಲ್ಲದೆ ಕೂರುವವರು ಊರಿನವರೇ. ಆ ಮೌನವನ್ನು ಎದುರಿಸಲಾರದೆ ಒಡೆಯ ನೇಣು ಹಾಕಿಕೊಳ್ಳುತ್ತಾನೆ. ತಜ್ಞ ಕೊಟ್ಟ ಬೀಜಕ್ಕಿಂತ ಜನ ಒಟ್ಟಿಗೆ ಕೂತದ್ದು ದೊಡ್ಡದು ಅನ್ನೋದು ಲೇಖಕಿಗೂ ಗೊತ್ತಿತ್ತು.

3

ಈಗ 'ಮಾರು'. 1971ರ ಕಾದಂಬರಿ. ಕನ್ನಡದ ಕಿವಿಗೆ ಮಾರು ಅಂದರೆ ಮಾರಾಟ. ಸೆಟ್ಸ್ವಾನಾ ಭಾಷೆಯಲ್ಲಿ ಮೋಡ. ನಮ್ಮ ಓದುಗರು ಬೆಸ್ಸಿಯದು ಒಂದೇ ಪುಸ್ತಕ ಓದಲಿಕ್ಕೆ ಆಗೋದು ಅಂದರೆ ಇದನ್ನೇ ಓದಬೇಕು.

ಬೋಟ್ಸ್ವಾನಾದಲ್ಲಿ ಬಸಾರ್ವಾ ಅನ್ನುವ ಜನ ಇದ್ದಾರೆ. ಬಿಳಿಯರು ಇವರನ್ನು ಬುಷ್‌ಮನ್ ಅಂದರು. ಆ ನೆಲದಲ್ಲಿ ಎಲ್ಲರಿಗಿಂತ ಮೊದಲು ಇದ್ದವರು. ಆಮೇಲೆ ದನ ಹೊಡೆದುಕೊಂಡು ಬಂದವರ ಮನೆಗಳಲ್ಲಿ ತಲೆತಲಾಂತರ ಜೀತಕ್ಕೆ ಬಿದ್ದರು. ಒಡೆಯನ ದನ ಕಾಯಬೇಕು, ಕೂಲಿ ಇಲ್ಲ. ಭಾಷೆ ಕೂಡ ಇದಕ್ಕೆ ಕೈಜೋಡಿಸಿತು. ಸೆಟ್ಸ್ವಾನಾದಲ್ಲಿ ಮನುಷ್ಯರ ಗುಂಪನ್ನು ಹೇಳುವಾಗ ಹೆಸರಿನ ಮುಂದೆ 'ಬ' ಬರುತ್ತೆ - ಬತ್ಸ್ವಾನಾ, ಬಮಂಗ್ವಾಟೋ. ಇವರಿಗೆ ಮಾತ್ರ 'ಮ' ಹಚ್ಚಿ ಮಸಾರ್ವಾ ಅಂದರು. ಕಡೆಗಣಿಸಿ ಕರೆಯುವಾಗ ಬರುವ ಅಕ್ಷರ ಅದು. ನಂತರದ ವರ್ಷಗಳಲ್ಲಿ ಸರ್ಕಾರಿ ಬಳಕೆಯಲ್ಲಿ ಬಸಾರ್ವಾ ಅಂತ ತಿದ್ದಿದರು. ಒಂದು ಅಕ್ಷರ ತಿದ್ದೋದಕ್ಕೆ ಎಷ್ಟು ತಲೆಮಾರು ಬೇಕಾಯಿತು ನೋಡಿ. ಎಪ್ಪತ್ತು ವರ್ಷದ ಮುದುಕನನ್ನೂ 'ಏನ್ಲಾ' ಅಂತ ಕರೆಸಿಕೊಂಡ ಕೇರಿಯವರಿಗೆ ಒಂದು ಅಕ್ಷರದ ತೂಕ ಗೊತ್ತು. ಬೆಸ್ಸಿಯ ಕಾದಂಬರಿಯಲ್ಲಿ ಬರೋದು ಹಳೆಯ ಹೆಸರು, ಹಾಗಾಗಿ ಕಥೆ ಹೇಳುವಾಗ ಇಲ್ಲಿಯೂ ಅದೇ ಬರುತ್ತೆ.

ಕಥೆ ಹೀಗೆ. ದಾರಿಬದಿಯಲ್ಲಿ ಹೆತ್ತು ಸತ್ತ ಒಬ್ಬ ಮಸಾರ್ವಾ ಹೆಂಗಸು. ಆಸ್ಪತ್ರೆಯ ನರ್ಸುಗಳಿಗೆ ಆ ಹೆಣ ಮುಟ್ಟೋದಕ್ಕೆ ಹೇಸಿಗೆ. ಬಿಳಿ ಮಿಷನರಿ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ತನ್ನ ಹೆಸರನ್ನೇ ಇಡ್ತಾಳೆ - ಮಾರ್ಗರೆಟ್ ಕ್ಯಾಡ್ಮೋರ್. ಹುಡುಗಿ ಓದುತ್ತಾಳೆ, ತರಗತಿಗೇ ಮೊದಲು ಬರ್ತಾಳೆ, ದಿಲೆಪೆ ಅನ್ನುವ ಹಳ್ಳಿಗೆ ಮೇಡಂ ಆಗಿ ಬರ್ತಾಳೆ. ಅವಳ ಬಣ್ಣ, ಅವಳ ಇಂಗ್ಲಿಷು ಕಂಡು ಎಲ್ಲರೂ ಇವಳು ಬೆರಕೆ ಜನದವಳು ಅಂದುಕೊಳ್ತಾರೆ. ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಜೊತೆಯ ಮೇಡಂ ಡಿಕೆಲೆಡಿ, ಒಡೆಯರ ಮನೆಯ ಮಗಳು, ನಿಮ್ಮಪ್ಪ ಬಿಳಿಯನಾ ಅಂತ ಕೇಳಿದಾಗ ಇವಳು ಇಲ್ಲ, ನಾನು ಮಸಾರ್ವಾ ಅಂದುಬಿಡ್ತಾಳೆ. ಡಿಕೆಲೆಡಿಗೆ ಉಸಿರೇ ನಿಂತಹಾಗೆ ಆಗುತ್ತೆ. ಇದನ್ನು ಯಾರಿಗೂ ಹೇಳಬೇಡ ಅಂತ ಬುದ್ಧಿ ಹೇಳ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಹೇಳ್ತಾಳೆ, ಅದನ್ನು ಮರೀಬಾರದು. ನಮಗೂ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಹೀಗೆ ಬುದ್ಧಿ ಹೇಳಿದವರೆಲ್ಲ ಒಳ್ಳೆಯ ಮನಸ್ಸಿನವರೇ.

ಹೊಸ ಊರಿಗೆ ಒಗ್ಗಿಕೊಳ್ಳುವುದರ ಪ್ರಶ್ನೆ ಇಲ್ಲಿ ಮೂಳೆಯ ತನಕ ಹೋಗುತ್ತೆ. ಮಾರ್ಗರೆಟ್ಟಳಿಗೆ ಪರದೇಶ ಅಂದರೆ ಅವಳದೇ ದೇಶದ ಇನ್ನೊಂದು ಹಳ್ಳಿ. ಅವಳು ಅಲ್ಲಿ ಒಗ್ಗಿಕೊಳ್ಳೋದಕ್ಕೆ ಇದ್ದ ಸುಲಭದ ದಾರಿ ಸುಳ್ಳು ಹೇಳೋದು. ಹೇಳಲಿಲ್ಲ. ಅವಳು ನಿಜ ಹೇಳಿದ್ದು ಜಂಬಕ್ಕೂ ಅಲ್ಲ, ಚಳವಳಿ ಮಾಡೋದಕ್ಕೂ ಅಲ್ಲ, ಕೇಳಿದರು, ಹೇಳಿದಳು. ಕಾದಂಬರಿಯ ಅತ್ಯಂತ ದೊಡ್ಡ ಗಳಿಗೆಯನ್ನು ಬೆಸ್ಸಿ ಇಷ್ಟು ಸಣ್ಣ ದನಿಯಲ್ಲಿ ಬರೆದಳಲ್ಲ, ಅದು ಆಕೆಯ ಶಕ್ತಿ.

ಆಮೇಲೆ ಸುದ್ದಿ ಹರಡುತ್ತೆ. ಮುಖ್ಯೋಪಾಧ್ಯಾಯ ಇವಳನ್ನು ಓಡಿಸೋದಕ್ಕೆ ಹೊಂಚು ಹಾಕ್ತಾನೆ. ತರಗತಿಯಲ್ಲಿ ಮಕ್ಕಳು ನೀನು ಬುಷ್‌ಮನ್ ಅಂತ ಒಟ್ಟಾಗಿ ಕೂಗ್ತಾರೆ. ಮಕ್ಕಳಿಗೆ ಆ ಮಾತು ಯಾರು ಕಲಿಸಿದರು ಅನ್ನೋದು ಬೇರೆ ಹೇಳಬೇಕಿಲ್ಲ. ಡಿಕೆಲೆಡಿ ಬಂದು ಗದರಿಸಿ ಬಾಯಿ ಮುಚ್ಚಿಸುತ್ತಾಳೆ. ಮಲಗೋದಕ್ಕೆ ಮಂಚ ಇಲ್ಲದ ಮಾರ್ಗರೆಟ್ಟಳಿಗೆ ಮೊಲೇಕಾ ಅನ್ನುವ ಅಧಿಕಾರಿ ಒಂದು ಮಂಚ ಕೊಡಿಸುತ್ತಾನೆ. ಮುಂದೆ ಒಡೆಯನಾಗುವ ಮಾರು ಆ ಮಂಚ ವಾಪಸ್ ತರಿಸಿಕೊಳ್ತಾನೆ. ಇದೇ ಮೊಲೇಕಾ ಇವಳ ದೆಸೆಯಿಂದ ಬದಲಾಗಿ ತನ್ನ ಮನೆಯ ಮಸಾರ್ವಾ ಜೀತದವರನ್ನು ಮೇಜಿಗೆ ಕೂರಿಸಿಕೊಂಡು ಜೊತೆಗೆ ಉಣ್ಣುತ್ತಾನೆ. ಊರು ಬೆಚ್ಚಿಬೀಳುತ್ತೆ. ಮಂಚ, ಮೇಜು, ಊಟ, ತರಗತಿ. ಇವೇ ದಿನನಿತ್ಯದ ಸಾಮಾನುಗಳು. ಅಸ್ಪೃಶ್ಯತೆ ಬದುಕೋದು ಇವುಗಳಲ್ಲಿ, ಸಾಯಬೇಕಾದ್ದೂ ಇವುಗಳಲ್ಲೇ ಅಂತ ಬೆಸ್ಸಿಗೆ ಗೊತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಬಣ್ಣದ ಕಾನೂನು ಅನುಭವಿಸಿ ಬಂದವಳು, ಕರಿಯರ ಊರಿಗೆ ಬಂದು ಕರಿಯರೇ ಕರಿಯರನ್ನು ತುಳಿಯೋದನ್ನ ನೋಡಿದಳು. ಆಶ್ರಯ ಕೊಟ್ಟ ಊರು, ಅನ್ನದ ಋಣ ಅಂತ ಬಾಯಿ ಮುಚ್ಚಿಕೊಳ್ಳಲಿಲ್ಲ. ಆಗ ಆಕೆಗೆ ಪೌರತ್ವವೂ ಇರಲಿಲ್ಲ ಅನ್ನೋದು ನೆನಪಿರಲಿ.

ಇನ್ನು ಜಗಳ. ಮಾರ್ಗರೆಟ್ ಮನಸ್ಸಿನಲ್ಲಿ ಪ್ರೀತಿಸೋದು ಮೊಲೇಕಾನನ್ನು. ಮಾರು ತನ್ನ ಗೂಢಚಾರರನ್ನು ಬಿಟ್ಟು, ತಂತ್ರ ಹೂಡಿ, ಮೊಲೇಕಾನಿಗೂ ತನ್ನ ತಂಗಿ ಡಿಕೆಲೆಡಿಗೂ ಮದುವೆಯಾಗುವ ಹಾಗೆ ಮಾಡ್ತಾನೆ. ಸುದ್ದಿ ಕೇಳಿ ಮಾರ್ಗರೆಟ್ ಕುಸಿದು ಬೀಳ್ತಾಳೆ. ಆಗ ಮಾರು ಬಂದು ಇವಳನ್ನು ಕರೆದುಕೊಂಡು, ಒಡೆತನ ಬಿಟ್ಟು, ಸಾವಿರ ಮೈಲಿ ಆಚೆ ಹೋಗ್ತಾನೆ. ದಿಲೆಪೆಯ ಜನ ಅವನು ಸತ್ತನೇನೋ ಅನ್ನುವ ಹಾಗೆ ಮಾತಾಡ್ತಾರೆ. ಈ ಮದುವೆಯ ಸುದ್ದಿ ತಲುಪಿ ಮಸಾರ್ವಾ ಜನಕ್ಕೆ ತಾವೂ ಮನುಷ್ಯರು ಅನ್ನುವ ಗಾಳಿ ಬೀಸಿತು ಅಂತ ಕಾದಂಬರಿ ಹೇಳುತ್ತೆ.

ಒಪ್ಪೋದು ಕಷ್ಟ. ಒಡೆಯರ ಮನೆಯ ಗಂಡು ಕೆಳಗಿನ ಹೆಣ್ಣನ್ನು ಮದುವೆಯಾದರೆ ಒಂದು ಜನಾಂಗ ಬಿಡುಗಡೆ ಆಗುತ್ತಾ? ಆ ಹೆಣ್ಣಿನ ಇಷ್ಟವನ್ನು ಯಾರಾದರೂ ಕೇಳಿದರಾ? ಮಾರು ಕನಸು ಕಾಣುವವನು, ದೊಡ್ಡ ಮನಸ್ಸಿನವನು ಅಂತ ಬೆಸ್ಸಿ ಮತ್ತೆ ಮತ್ತೆ ಹೇಳ್ತಾಳೆ. ಆದರೆ ಅವನ ದೊಡ್ಡತನದೊಳಗೆ ಒಡೆಯನ ಅಭ್ಯಾಸ ಹಾಗೇ ಉಳಿದಿದೆ: ತನಗೆ ಬೇಕಾದ್ದನ್ನು ಎತ್ತಿಕೊಳ್ಳೋದು. ಮಂಚ ತರಿಸಿಕೊಂಡ ಕೈಯೇ ಹೆಣ್ಣನ್ನೂ ಕರೆದೊಯ್ದಿತು. ದಿಲೆಪೆಯಲ್ಲಿ ಉಳಿದ ಜೀತದವರು, ದನದ ದೊಡ್ಡಿಗಳಲ್ಲಿದ್ದವರು, ಒಬ್ಬರಾದರೂ ಈ ಕಾದಂಬರಿಯಲ್ಲಿ ಎದ್ದುನಿಂತು ಮಾತಾಡೋದಿಲ್ಲ. ಮೊದಲ ಕಾದಂಬರಿಯಲ್ಲಿ ಊರೇ ಒಟ್ಟಾಗಿ ಕೂತು ಒಡೆಯನನ್ನು ಕೆಡವಿತ್ತು. ಇಲ್ಲಿ ಒಡೆಯನೇ ಬಿಡುಗಡೆ ಕೊಡುವವನಾದ. ಅಂತರ್ಜಾತಿ ಮದುವೆಯ ಫೋಟೋ ಹಾಕಿಸಿ ಜಾತಿ ಹೋಯಿತು ಅನ್ನುವ ಸುಧಾರಕರನ್ನು ಕಂಡ ನಮಗೆ ಈ ಕೊನೆ ಸಾಲದು.

ಆದರೂ ನನಗೆ ಕಾದಂಬರಿ ಬಿಡೋದಕ್ಕೆ ಆಗೋದಿಲ್ಲ, ಯಾಕೆಂದರೆ ಮಾರ್ಗರೆಟ್ ಚಿತ್ರ ಬರೀತಾಳೆ. ದಿಲೆಪೆಯ ಹೆಂಗಸರು, ಕೆಲಸ, ಗುಡಿಸಲು, ಆಡು, ಮನಸ್ಸಿನಲ್ಲಿ ಕಂಡದ್ದು, ರಾಶಿ ರಾಶಿ ಬರೀತಾಳೆ. ತನ್ನನ್ನು ಒಳಗೆ ಬಿಟ್ಟುಕೊಳ್ಳದ ಊರನ್ನು ಅವಳು ಕಣ್ಣಿನೊಳಗೆ ಬಿಟ್ಟುಕೊಂಡಳು. ಈ ಜಾಗದಲ್ಲಿ ಮಾರ್ಗರೆಟ್ಟೂ ಬೆಸ್ಸಿಯೂ ಒಂದೇ. ಅವಳ ಬಿಡುಗಡೆ ಶುರುವಾದದ್ದು ಮದುವೆಯಲ್ಲಿ ಅಲ್ಲ, ಆ ಹಾಳೆಗಳಲ್ಲಿ.

4

'ಎ ಕ್ವೆಶ್ಚನ್ ಆಫ್ ಪವರ್' 1973ರದು. ಓದೋದಕ್ಕೆ ಕಷ್ಟದ ಪುಸ್ತಕ. ಬೆಸ್ಸಿಗೇ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ದಿನಗಳಿಂದ ಬಂದದ್ದು. ಎಲಿಜಬೆತ್ ಅನ್ನುವ ಬೆರಕೆ ಹೆಂಗಸು ಮಗನ ಜೊತೆ ಮೊಟಬೆಂಗ್ ಅನ್ನುವ ಊರಿಗೆ ಬರ್ತಾಳೆ. ಮೊಟಬೆಂಗ್ ಅಂದರೆ ಮರಳಿನ ಜಾಗ, ಮರಳೂರು. ರಾತ್ರಿಯೆಲ್ಲಾ ಅವಳ ತಲೆಯೊಳಗೆ ಗಂಡಸರು, ದೇವರುಗಳು, ಪಿಶಾಚಿಗಳು ಬಂದು ನೀನು ಕೀಳು, ನೀನು ಆಫ್ರಿಕಾದವಳೇ ಅಲ್ಲ ಅಂತ ಹಿಂಸೆ ಕೊಡ್ತಾರೆ. ದಕ್ಷಿಣ ಆಫ್ರಿಕಾದ ಕಾನೂನು ಗಡಿಯಲ್ಲೇ ನಿಲ್ಲಲಿಲ್ಲ, ತಲೆಯೊಳಗೆ ಕೂತು ಬೇಲಿ ದಾಟಿ ಬಂತು. ಈ ರಾತ್ರಿಯ ಪುಟಗಳನ್ನು ನಮ್ಮ ನವ್ಯರು ಓದಿದ್ದರೆ ಅನಾಥಪ್ರಜ್ಞೆ ಅಂತ ಹೆಸರಿಟ್ಟು ಮೆಚ್ಚಿಕೊಳ್ಳುತ್ತಿದ್ದರೋ ಏನೋ. ಆದರೆ ಈ ಅನಾಥತೆಗೆ ತಾರೀಖು ಇದೆ, ಕಾನೂನಿನ ಹೆಸರಿದೆ, ಹೇರಿದವರು ಯಾರು ಅನ್ನೋದು ಗೊತ್ತಿದೆ.

ಹಗಲಿನ ಪುಟಗಳು ಬೇರೆ. ಹಗಲಲ್ಲಿ ಎಲಿಜಬೆತ್ ಊರಿನ ಸಹಕಾರಿ ತೋಟದಲ್ಲಿ ಕೆನೋಸಿ ಅನ್ನುವ ಹಳ್ಳಿ ಹೆಂಗಸಿನ ಜೊತೆ ತರಕಾರಿ ಬೆಳೀತಾಳೆ. ಕೆನೋಸಿ ಮಾತು ಕಡಿಮೆ, ಕೆಲಸ ಜಾಸ್ತಿ. ಮರಳಿನಲ್ಲಿ ಅವರು ಕೇಪ್ ಗೂಸ್‌ಬೆರಿ ಬೆಳೀತಾರೆ. ಒಣ ಹಾಳೆಯಂಥ ಬುಡ್ಡೆಯೊಳಗೆ ಹಳದಿ ಹಣ್ಣು, ನಮ್ಮ ಹೊಲದ ಬದುವಿನ ಬುಡ್ಡೆಹಣ್ಣಿನ ದೊಡ್ಡಕ್ಕ ಅನ್ನಿ. ಆ ಗಿಡವೂ ಎಲ್ಲೋ ದಕ್ಷಿಣ ಅಮೆರಿಕಾದಲ್ಲಿ ಹುಟ್ಟಿ, ಕೇಪ್ ನಾಡಿಗೆ ಬಂದು ಅಲ್ಲಿಯ ಹೆಸರು ಪಡೆದು, ಅಲ್ಲಿಂದ ಮರಳೂರಿಗೆ ಬಂದ ಪರದೇಸಿ. ಹಣ್ಣಿನಿಂದ ಜಾಮ್ ಮಾಡ್ತಾರೆ, ಮಾರ್ತಾರೆ. ಎಲಿಜಬೆತ್ ಹುಚ್ಚಿನಿಂದ ಹೊರಗೆ ಬರೋದು ವೈದ್ಯರ ಕೈಯಿಂದಲ್ಲ. ಯಾಕೆ ಬರಲಿಲ್ಲ, ತೋಟದ ಕೆಲಸ ನಿಂತಿದೆ ಅಂತ ಬಂದು ಬಾಗಿಲಲ್ಲಿ ನಿಲ್ಲುವ ಕೆನೋಸಿಯಿಂದ. ಒಬ್ಬರಿಗೆ ನಮ್ಮ ಕೈ ಬೇಕು ಅನ್ನಿಸಿದರೆ ಆ ಊರು ನಮ್ಮದಾಗೋದಕ್ಕೆ ಶುರುವಾಗುತ್ತೆ. ಕಾದಂಬರಿಯ ಕೊನೆಗೆ ಎಲಿಜಬೆತ್ ನೆಲದ ಮೇಲೆ ಕೈ ಇಟ್ಟು ನಿದ್ದೆ ಹೋಗುತ್ತಾಳೆ.

ಅದೇ ತೋಟದಲ್ಲಿ ಡೆನ್ಮಾರ್ಕಿನಿಂದ ಬಂದ ಕಮಿಲ್ಲಾ ಅನ್ನುವವಳೂ ಇದ್ದಾಳೆ. ಸಹಾಯ ಮಾಡೋದಕ್ಕೆ ಬಂದವಳು. ಹಳ್ಳಿಯವರ ಎದುರಿಗೇ ಅವರು ಏನೂ ತಿಳಿಯದವರು ಅನ್ನುವ ಹಾಗೆ ಮಾತಾಡ್ತಾಳೆ. ಅವಳೂ ಪರದೇಶಕ್ಕೆ ಒಗ್ಗಿಕೊಂಡವಳೇ, ನಮ್ಮ ಪ್ರವಾಸ ಲೇಖಕರ ಹಾಗೆ. ಕೆನೋಸಿಯ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ ಬೆಸ್ಸಿ ಒಂದು ಮಾತೂ ಬೈಯದೆ ತೂಗಿಬಿಟ್ಟಳು.

5

ಕೊನೆಗೆ 1981ರ 'ಸೆರೋವೆ: ವಿಲೇಜ್ ಆಫ್ ದಿ ರೇನ್ ವಿಂಡ್'. ಇದು ಕಾದಂಬರಿ ಅಲ್ಲ, ಊರಿನ ಚರಿತ್ರೆ. ಚರಿತ್ರೆ ಬರೆಯುವವರು ಒಡೆಯರ ವಂಶವೃಕ್ಷದಿಂದ ಶುರುಮಾಡ್ತಾರೆ. ಬೆಸ್ಸಿಯೂ ಮೂವರು ದೊಡ್ಡವರನ್ನು ಕಂಬವಾಗಿ ಇಟ್ಟುಕೊಂಡಳು: ಊರನ್ನು 1902ರಲ್ಲಿ ಅಲ್ಲಿಗೆ ತಂದ ಮೂರನೇ ಖಾಮ, ಅವನ ಮಗ ಚೆಕೆಡಿ, ಮತ್ತು ದಕ್ಷಿಣ ಆಫ್ರಿಕಾದ ರಾಜತಾಂತ್ರಿಕ ಕೆಲಸವನ್ನು ವರ್ಣಭೇದ ನೀತಿಗೆ ಹೇಸಿ ಬಿಟ್ಟುಬಂದು 1963ರಲ್ಲಿ ಸ್ವಾನೆಂಗ್ ಹಿಲ್ ಶಾಲೆ ತೆರೆದ ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್. ಆದರೆ ಕಂಬಗಳ ನಡುವೆ ತುಂಬಿದ್ದು ಊರಿನವರ ಬಾಯಿಮಾತು. ಮಡಕೆ ಮಾಡುವವಳು, ಬುಟ್ಟಿ ಹೆಣೆಯುವವರು, ಹುಲ್ಲು ಹೊದಿಸುವವರು, ಮುದುಕರು, ಮೇಷ್ಟರುಗಳು, ತೋಟದವರು. ಅವರ ಹತ್ತಿರ ಹೋಗಿ ಕೂತು, ಕೇಳಿ, ಬರೆದುಕೊಂಡಳು. ವರ್ಷಗಟ್ಟಲೆ ಪೊಲೀಸ್ ಠಾಣೆಯಲ್ಲಿ ಪರಕೀಯಳು ಅಂತ ಸಹಿ ಹಾಕಿದವಳು ಆ ಊರಿನ ನೆನಪನ್ನು ಊರಿಗೇ ಬರೆದುಕೊಟ್ಟಳು.

ಬೆಸ್ಸಿ ಕಂಡ ಗಾಯ ಮಾಯ್ದಿಲ್ಲ. 1997ರಲ್ಲಿ, ಮತ್ತೆ 2002ರಲ್ಲಿ, ಬೋಟ್ಸ್ವಾನಾ ಸರ್ಕಾರ ಮಧ್ಯ ಕಲಹಾರಿಯ ಅಭಯಾರಣ್ಯದಿಂದ ಬಸಾರ್ವಾ ಜನರನ್ನು ಎಬ್ಬಿಸಿತು. ಕುಡಿಯುವ ನೀರಿನ ಕೊಳವೆಬಾವಿಯನ್ನು ಮುಚ್ಚಿತು. ಜನ ಕೋರ್ಟಿಗೆ ಹೋದರು. 2006ರ ಡಿಸೆಂಬರಿನಲ್ಲಿ ಹೈಕೋರ್ಟು ಅವರನ್ನು ಎಬ್ಬಿಸಿದ್ದು ಕಾನೂನಿಗೆ ವಿರುದ್ಧ ಅಂದಿತು. ಹಾಗೆ ತೀರ್ಪು ಕೊಟ್ಟವರಲ್ಲಿ ಒಬ್ಬಾಕೆ ಯೂನಿಟಿ ಡೌ, ಆ ದೇಶದ ಮೊದಲ ಮಹಿಳಾ ಹೈಕೋರ್ಟ್ ನ್ಯಾಯಾಧೀಶೆ, ಕಾದಂಬರಿಗಾರ್ತಿ ಕೂಡ. ಬಾವಿಯ ನೀರಿಗೆ ಮಾತ್ರ ಇನ್ನೂ ಕಾಯಬೇಕಾಯಿತು. ಆ ಹಕ್ಕನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದದ್ದು 2011ರ ಜನವರಿಯಲ್ಲಿ. 1927ರ ಮಾರ್ಚಿನಲ್ಲಿ ಮಹಾಡದ ಕೆರೆಗೆ ಇಳಿದು ಬಾಬಾಸಾಹೇಬರು ಬೊಗಸೆ ನೀರು ಎತ್ತಿದ್ದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗೆ 'ಪುಲಾ' ಅನ್ನುವ, ದುಡ್ಡಿಗೂ ಪುಲಾ ಅಂತಲೇ ಹೆಸರಿಟ್ಟ ದೇಶದಲ್ಲಿ ನೀರು ಮುಚ್ಚುವುದು ಅಂದರೆ ಏನು ಅಂತ ಯೋಚಿಸಿ. ಈ ಸಲ ಬಿಡುಗಡೆಗೆ ಯಾವ ಮಾರುವೂ ಬರಲಿಲ್ಲ. ಹೆಸರು ಬರೆಸಿ, ಸಾಕ್ಷಿ ಹೇಳಿ, ವರ್ಷಗಟ್ಟಲೆ ಕಾದು ಗೆದ್ದವರು ಆ ಜನರೇ. ಬೆಸ್ಸಿಯ ಕಾದಂಬರಿಗೆ ಬೇಕಾಗಿದ್ದ ಕೊನೆಯನ್ನು ಅವರು ಬರೆದರು.

ಊರಿಗೆ ಒಗ್ಗಿಕೊಳ್ಳೋದು ಬೇರೆ, ಊರಿನ ಅನ್ಯಾಯಕ್ಕೆ ಒಗ್ಗಿಕೊಳ್ಳೋದು ಬೇರೆ. ಬೆಸ್ಸಿಯ ಕೈ ಆ ಮರಳಿಗೆ ಒಗ್ಗಿತು, ನಾಲಿಗೆ ಆ ಕಾಳಿಗೆ ಒಗ್ಗಿತು, ಕಣ್ಣು ಮಾತ್ರ ಒಗ್ಗಲಿಲ್ಲ. ಓದು ಕಲಿತು ಕೇರಿಯಿಂದ ಪೇಟೆಗೆ, ಕಾಲೇಜಿಗೆ, ಕಚೇರಿಗೆ ಬಂದ ನಮ್ಮ ಗೆಳೆಯರಿಗೂ ಇದೇ ಪರೀಕ್ಷೆ ಇದೆ.

ಹಳ್ಳಿ ಶಾಲೆಗಳಲ್ಲಿರುವ ಗೆಳೆಯರಿಗೆ ಒಂದು ಮಾತು. ಸೆರೋವೆಯ ಪುಸ್ತಕದಂಥ ಪುಸ್ತಕ ನೀವಿರುವ ಊರಿನ ಬಗ್ಗೆ ಇಲ್ಲ. ಅದನ್ನು ಬರೆಯೋದಕ್ಕೆ ದೊಡ್ಡ ವಿದ್ವತ್ತು ಬೇಕಿಲ್ಲ. ಮಕ್ಕಳ ಕೈಲಿ ಒಂದೊಂದು ನೋಟ್‌ಬುಕ್ ಕೊಡಿ. ಮಡಕೆ ಮಾಡುವವರ ಹತ್ತಿರ, ಚರ್ಮ ಹದ ಮಾಡಿದವರ ಹತ್ತಿರ, ದನ ಕಾದ ಮುದುಕರ ಹತ್ತಿರ, ಬೇರೆ ಊರಿನಿಂದ ಬಂದು ಸೇರಿದವರ ಹತ್ತಿರ ಕಳಿಸಿ. ಮೊದಲ ಪ್ರಶ್ನೆ ಇದಿರಲಿ: ಊರಿಗೆ ನೀರು ಎಲ್ಲಿಂದ ಬರುತ್ತಿತ್ತು, ಯಾರು ಮುಟ್ಟುವ ಹಾಗಿರಲಿಲ್ಲ?